ಕೆಳಸಾಲಿನ ಆ ನಾಲ್ಕು ಹಲ್ಲು

ಹೋದ ವರ್ಷ ಪೊಂಗಲ್ ರಜೆ ಮುಗಿಸಿಕೊಂಡು ಆಫೀಸಿಗೆ ಹೋದ ಮೊದಲ ದಿನ. ಚೆನ್ನೈನ ಎಗ್ಮೋರಿನಲ್ಲಿ ಒಂದು ವಿಮಾ ಕಚೇರಿಯಲ್ಲಿ ನನ್ನ ಕೆಲಸ. ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಸೀಟಿನ ಮಾಲತಿ ನನ್ನ ಡಬ್ಬಿಯ ಮುಚ್ಚಳದ ಮೇಲೆ ಎರಡು ಏಲಕ್ಕಿ ಇಟ್ಟಳು. "ಏನಮ್ಮಾ, ಪಾಯಸ ಮಾಡಲಾ?" ಎಂದು ತಮಿಳಿನಲ್ಲೇ ರೇಗಿಸಿದೆ. ಅವಳು ನಗಲಿಲ್ಲ. ತಲೆ ತಗ್ಗಿಸಿಕೊಂಡು, "ತಪ್ಪು ತಿಳ್ಕೋಬೇಡಿ ಅಕ್ಕಾ, ಊಟ ಆದ್ಮೇಲೆ ಬಾಯಲ್ಲಿ ಹಾಕ್ಕೊಳ್ಳಿ" ಎಂದಳು.

ಆಗ ಅರ್ಥವಾಯಿತು. ನನ್ನ ಬಾಯಿ ನಾರುತ್ತಿತ್ತು. ಇವಳು ಎಷ್ಟು ದಿನದಿಂದ ಸಹಿಸಿಕೊಂಡಿದ್ದಳೋ ಏನೋ! ನಾನು ಮದ್ದೂರಿನವಳು, ಬಾಯಿ ಸ್ವಲ್ಪ ಜೋರು. ಕ್ಯಾಶ್ ಕೌಂಟರಿನಲ್ಲಿ ಕೂತು ನಕ್ಕರೆ ಮ್ಯಾನೇಜರ್ ರೂಮಿಗೆ ಕೇಳಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಂಥವಳು ಆವತ್ತಿನಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡತೊಡಗಿದೆ. ನಗುವುದನ್ನಂತೂ ಬಿಟ್ಟೇಬಿಟ್ಟೆ.

ತಪ್ಪು ನನ್ನದೇ. ಎರಡು ವರ್ಷದ ಹಿಂದೆ ಹಲ್ಲುಜ್ಜುವಾಗ ಕೆಳಸಾಲಿನ ಮುಂದಿನ ವಸಡಿನಲ್ಲಿ ರಕ್ತ ಬಂದಿತ್ತು. ರಕ್ತ ಬರುವ ಜಾಗವನ್ನು ಕೆದಕಬಾರದು ಎಂದುಕೊಂಡು ಅಲ್ಲಿ ಬ್ರಷ್ ಹಾಕುವುದನ್ನೇ ನಿಲ್ಲಿಸಿದೆ. ಬೆರಳಲ್ಲಿ ಉಪ್ಪು ಸವರಿ ಬಾಯಿ ಮುಕ್ಕಳಿಸುತ್ತಿದ್ದೆ. ರಕ್ತ ನಿಂತಿತು. ಆಹಾ, ವಾಸಿಯಾಯಿತು ಅಂದುಕೊಂಡೆ. ಬ್ರಷ್ಷೇ ತಾಗದಿದ್ದರೆ ರಕ್ತ ಎಲ್ಲಿಂದ ಬರಬೇಕು? ಅಷ್ಟು ಬುದ್ಧಿ ಓಡಲಿಲ್ಲ ನೋಡಿ.

ಏಲಕ್ಕಿ ಪ್ರಸಂಗವಾದ ವಾರವೇ ಆಫೀಸಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿದ್ದವರು ಬೆರಳಿನಿಂದ ಕೆಳಗಿನ ಮುಂದಿನ ನಾಲ್ಕು ಹಲ್ಲುಗಳನ್ನು ಅಲ್ಲಾಡಿಸಿ ನೋಡಿ, "ಈ ನಾಲ್ಕೂ ನಿಲ್ಲಲ್ಲ. ತೆಗೆದು ಬೇರೆ ಕಟ್ಟೋಣ" ಎಂದರು. ಎರಡೇ ನಿಮಿಷ! ನನಗಿನ್ನೂ ನಲವತ್ತೇಳು. ಬಸ್ಸಿನಲ್ಲಿ ಮನೆಗೆ ಬರುವಷ್ಟೂ ಹೊತ್ತು ನಾಲಿಗೆಯಿಂದ ಆ ನಾಲ್ಕನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಕಟ್ಟಿಸಿದ ಹಲ್ಲು ಬೇಡ, ನನ್ನವೇ ಇರಲಿ, ಏನಾದರೂ ಮಾಡಿ ಇವನ್ನು ಉಳಿಸಿಕೊಳ್ಳಬೇಕು ಎಂದು ಹಟ ಹುಟ್ಟಿತು.

ಹತ್ತನೇ ಕ್ಲಾಸಿನ ನನ್ನ ಮಗಳು ನಿಧಿ ಅಡ್ಯಾರಿನ ಒಬ್ಬ ಡಾಕ್ಟರ ಹೆಸರು ತಂದಳು. ಅವಳ ಗೆಳತಿಯ ತಾಯಿ ವಸಡಿನ ತೊಂದರೆಗೆ ಅವರಲ್ಲೇ ತೋರಿಸಿಕೊಂಡಿದ್ದರಂತೆ. ನಿಧಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ವಾಂಗಮ್ಮಾ, ಪೋಲಾಂ", ಬನ್ನಿ ಹೋಗೋಣ, ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು.

ಡಾಕ್ಟರಮ್ಮನಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಅವಸರವಿಲ್ಲದ ಹೆಂಗಸು. ಎಕ್ಸ್‌ರೇ ತೆಗೆಸಿದರು, ಶುಗರ್ ಇದೆಯೇ ಎಂದು ವಿಚಾರಿಸಿದರು. ಆಮೇಲೆ ಮಿಲಿಮೀಟರ್ ಗುರುತಿದ್ದ ಒಂದು ತೆಳ್ಳನೆಯ ಕಡ್ಡಿಯನ್ನು ಒಂದೊಂದೇ ಹಲ್ಲಿನ ಪಕ್ಕ, ವಸಡಿನೊಳಗೆ ಇಳಿಸಿ ಅಳತೆಯನ್ನು ಜೋರಾಗಿ ಕೂಗಿ ಹೇಳುತ್ತಾ ಹೋದರು. ನರ್ಸ್ ಬರೆದುಕೊಳ್ಳುತ್ತಿದ್ದಳು. "ನಾಲು... ಅಂಜು... ಆರು..." ನಾಲ್ಕು, ಐದು, ಆರು. ಮುಂದಿನ ಹಲ್ಲುಗಳಿಗೆ ಬಂದಾಗ "ಏಳು, ಆರು, ಏಳು" ಎಂದರು. ಬಾಯಿ ತೆರೆದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡೆ.

"ಮೂರರವರೆಗೆ ಇದ್ದರೆ ಸರಿ ಅಮ್ಮಾ. ಅದಕ್ಕಿಂತ ಆಳ ಹೋದರೆ ವಸಡು ಹಲ್ಲನ್ನು ಬಿಟ್ಟಿದೆ ಅಂತ ಅರ್ಥ" ಎಂದು ವಿವರಿಸಿದರು. ಮಾರ್ಕ್ಸ್ ಜಾಸ್ತಿ ಬಂತು ಅಂತ ಸಂಕಟಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಪಾಚಿ ಗಟ್ಟಿಯಾಗಿ, ಕಲ್ಲಿನ ಹಾಗಾಗಿ, ವಸಡಿನ ಕೆಳಗೆ ಬೇರಿನವರೆಗೂ ಇಳಿದಿದೆಯಂತೆ. ಬಾಯನ್ನು ನಾಲ್ಕು ಭಾಗ ಮಾಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಾರಕ್ಕೊಂದು ಭಾಗದಂತೆ ಡೀಪ್ ಕ್ಲೀನಿಂಗ್ ಮಾಡಬೇಕಂತೆ. "ಖಂಡಿತ ಉಳಿಯುತ್ತೆ ಅಂತ ಮಾತು ಕೊಡಲ್ಲ. ಆದರೆ ಪ್ರಯತ್ನ ಮಾಡದೆ ಕೀಳೋದೂ ಇಲ್ಲ" ಎಂದರು. ಆ ಒಂದು ಮಾತಿಗೆ ನಾನು ಸೋತೆ.

ಆದರೆ ನನ್ನೊಳಗೊಂದು ಅಳುಕಿತ್ತು. ನಮ್ಮವ್ವನಿಗೆ ಐವತ್ತಕ್ಕೆಲ್ಲ ಬಾಯಿ ಬೋಳಾಗಿತ್ತು. "ಮುದ್ದೆ ನುಂಗಕ್ಕೆ ಹಲ್ಯಾಕೆ ಬುಡು" ಎಂದು ತಮಾಷೆ ಮಾಡಿಕೊಂಡೇ ಇಷ್ಟು ವರ್ಷ ಕಳೆದಿದ್ದಾಳೆ. ಕಾರಣ ಕೇಳಿದರೆ ಒಂದೇ ಉತ್ತರ. "ಮಂಡ್ಯದಲ್ಲಿ ಹಲ್ಲು ಕಿಲೀನ್ ಮಾಡುಸ್ದೆ ಕಣೆ. ಅವತ್ನಿಂದ್ಲೇ ಅಳ್ಳಾಡಕ್ಕೆ ಸುರುವಾದೊ. ನೀನು ಮಾತ್ರ ಮಾಡುಸ್ಬ್ಯಾಡ." ನಮ್ಮ ಮನೆಯಲ್ಲಿ ಅದೇ ಕಾನೂನು. ಅಣ್ಣತಮ್ಮಂದಿರು, ಚಿಕ್ಕಮ್ಮಂದಿರು ಯಾರೂ ಹಲ್ಲು ಕ್ಲೀನ್ ಮಾಡಿಸಿದವರಲ್ಲ. ಅದಕ್ಕೇ ಅವ್ವನಿಗೆ ಒಂದು ಮಾತೂ ಹೇಳದೆ ಹೋಗಿ ಕುರ್ಚಿಯಲ್ಲಿ ಕೂತೆ.

ಮೊದಲ ದಿನ ಬಲಗಡೆಯ ಕೆಳಭಾಗ, ಅಂದರೆ ನನ್ನ ನಾಲ್ಕರಲ್ಲಿ ಎರಡು. ಇಂಜೆಕ್ಷನ್ ಚುಚ್ಚಿದ್ದು ಬಿಟ್ಟರೆ ನೋವೇನೂ ಆಗಲಿಲ್ಲ. ಮೆಷಿನ್ನಿನ ಕುಂಯ್‌ಗುಡುವ ಶಬ್ದ, ನೀರು, ಆಮೇಲೆ ಕೈಯುಪಕರಣದಿಂದ ಬೇರಿನ ಮೇಲೆ ಕೆರೆಯುವ ಕರಕರ ಸದ್ದು ತಲೆಬುರುಡೆಗೇ ಕೇಳಿಸುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಇಷ್ಟೇನಾ ಎಂದುಕೊಂಡು ಮನೆಗೆ ಬಂದೆ.

ಮರಗಟ್ಟಿದ್ದು ಬಿಟ್ಟಮೇಲೆ ಶುರುವಾಯಿತು ನೋಡಿ. ನಾಲಿಗೆ ಹಾಕಿದರೆ ಹಲ್ಲುಗಳ ನಡುವೆ ಸಂದು! ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಮುಟ್ಟಿದರೆ ಆ ಎರಡೂ ಹಲ್ಲು ಮೊದಲಿಗಿಂತ ಹೆಚ್ಚು ಅಲ್ಲಾಡಿದ ಹಾಗನ್ನಿಸಿತು. ಅಯ್ಯೋ ದೇವರೇ, ಅವ್ವ ಹೇಳಿದ್ದೇ ನಿಜವಾಯಿತಲ್ಲ ಎಂದು ಹೆದರಿದೆ. ಮೂರು ದಿನ ಗಂಜಿ ಕುಡಿದೆ. ಆ ಕಡೆ ಬ್ರಷ್ ಹಾಕಲಿಲ್ಲ. ನಾಲ್ಕನೇ ದಿನಕ್ಕೆ ಭಯವೆಲ್ಲ ಸಿಟ್ಟಾಯಿತು. ಆಫೀಸಿಗೆ ರಜೆ ಹಾಕಿ, ನಿಧಿಯನ್ನು ಸ್ಕೂಲಿನಿಂದಲೇ ಕರೆದುಕೊಂಡು ನೇರ ಕ್ಲಿನಿಕ್ಕಿಗೆ ನುಗ್ಗಿದೆ.

"ಏನ್ರೀ ಮಾಡಿಟ್ರಿ? ಗಟ್ಟಿಯಾಗಿದ್ದ ಹಲ್ಲನ್ನ ಕೆರೆದು ಕೆರೆದು ಸಡಿಲ ಮಾಡಿದೀರಲ್ಲ! ಇನ್ನು ನಾನು ಬರಲ್ಲ. ಉಳಿದಿದ್ದಾದರೂ ಇರಲಿ!" ಸಿಟ್ಟಿನಲ್ಲಿ ತಮಿಳೂ ಬರಲಿಲ್ಲ, ಎಲ್ಲವನ್ನೂ ಕನ್ನಡದಲ್ಲೇ ಬೈದೆ. ಕಾಯುತ್ತಿದ್ದ ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ನಿಧಿ ಮುಖ ಕೆಂಪಗೆ ಮಾಡಿಕೊಂಡು ತಮಿಳಿಗೆ ತಿರುಗಿಸಿ ಹೇಳಿದಳು. ಬೈಗುಳಗಳನ್ನು ಬಿಟ್ಟು ಹೇಳಿದಳು ಅಂತ ಕಾಣುತ್ತೆ.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ಆ ಕಲ್ಲೇ ಸಂದುಗಳಲ್ಲಿ ತುಂಬಿಕೊಂಡು ಹಲ್ಲುಗಳನ್ನ ಒಂದಕ್ಕೊಂದು ಅಂಟಿಸಿತ್ತು ಅಮ್ಮಾ. ಅದು ಗಟ್ಟಿತನ ಅಲ್ಲ. ಈಗ ವಸಡು ಕೂಡಿಕೊಳ್ಳೋದಕ್ಕೆ ಟೈಮ್ ಕೊಡಿ" ಎಂದರು. ನಾನು ಜಪ್ಪಯ್ಯ ಅನ್ನಲಿಲ್ಲ. "ನಮ್ಮ ತಾಯಿಗೂ ಹೀಗೇ ಆಗಿ ಅಷ್ಟೂ ಹಲ್ಲು ಹೋದವು" ಎಂದೆ. ಅವರು, "ತಾಯಿ ಇದಾರಾ? ಫೋನ್ ಮಾಡಿ. ಸರಿಯಾಗಿ ಏನಾಯ್ತು ಅಂತ ಕೇಳೋಣ" ಎಂದರು.

ಅಲ್ಲೇ ಸ್ಪೀಕರ್ ಹಾಕಿ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಮಂಡ್ಯದಲ್ಲಿ ಹಲ್ಲು ಕ್ಲೀನ್ ಮಾಡಿಸಿದ್ದೆಯಲ್ಲ, ಎಷ್ಟು ಸಲ ಹೋಗಿದ್ದೆ?"

"ಈಗ್ಯಾಕೆ ಅದು? ಎರಡ್ಸತಿ ಬಾ ಅಂದಿದ್ರು. ಮೊದ್ಲು ಎಡಗಡೆ ಮಾಡುದ್ರು. ಮನೆಗ್ ಬಂದ್ರೆ ಅಳ್ಳಾಡ್ತಾ ಅವೆ! ಹೆದ್ರುಕೊಂಡು ಬಲಗಡೆಗೆ ಹೋಗ್ಲೇ ಇಲ್ಲ ಕಣೆ. ಉಜ್ಜೋದೂ ಬುಟ್ಬುಟ್ಟೆ."

ನಿಧಿ ಅದನ್ನು ಡಾಕ್ಟರಮ್ಮನಿಗೆ ತಮಿಳಿನಲ್ಲಿ ಹೇಳಿದಳು. ಅವರು ಮೆಲ್ಲಗೆ ಕೇಳಿದರು, ಮೊದಲು ಯಾವ ಕಡೆಯ ಹಲ್ಲು ಬಿದ್ದವು? ನಿಧಿ ಫೋನಿಗೆ ಬಾಯಿ ಹತ್ತಿರ ತಂದು, ತಡವರಿಸುತ್ತಾ, ಕನ್ನಡದಲ್ಲಿ ಕೇಳಿದಳು. "ಅಜ್ಜಿ, ಮೊದ್ಲು ಯಾವ ಕಡೆ ಬಿತ್ತು?"

"ಬಲಗಡೇವೇ ಕಣ್ಮಗ. ಅವೆಲ್ಲ ಉದ್ರಿ ಎಷ್ಟೋ ದಿನ ಆದ್ಮೇಲೆ ಎಡಗಡೇವು ಹೋದೊ."

ಬಲಗಡೆ! ಕ್ಲೀನ್ ಮಾಡಿಸದೇ ಬಿಟ್ಟ ಕಡೆ. ಇಪ್ಪತ್ತೈದು ವರ್ಷದಿಂದ ಎಷ್ಟು ಸಲ ಈ ಕಥೆ ಕೇಳಿದ್ದೇನೆ, ಒಂದು ಸಲವೂ ಯಾವ ಕಡೆ ಅಂತ ಯಾರೂ ಕೇಳಿರಲಿಲ್ಲ. ಈಗ ನಾನು ಮಾಡಹೊರಟಿದ್ದೂ ಅಕ್ಷರಶಃ ಅದನ್ನೇ. ಫೋನಿಟ್ಟು, "ಎಡಗಡೆ ಯಾವತ್ತು ಮಾಡ್ತೀರಿ?" ಎಂದೆ. ಡಾಕ್ಟರಮ್ಮ "ಇವತ್ತೇ ಮಾಡಲಾ?" ಎಂದರು. ನಾಚಿಕೆ ಅನ್ನುವುದನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಹೋಗಿ ಕೂತೆ.

ನಾಲ್ಕು ಭಾಗವೂ ಮುಗಿಯಿತು. ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಉಜ್ಜುವುದನ್ನು ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದರು, ಸಂದುಗಳಿಗೆ ಪುಟ್ಟ ಬ್ರಷ್ ಕೊಟ್ಟರು. ಮೊದಮೊದಲು ರಕ್ತ ಬಂದರೂ ಕೈ ನಿಲ್ಲಿಸಲಿಲ್ಲ. ನಿಧಿ ದಿನಾ ರಾತ್ರಿ ಬಾತ್‌ರೂಮಿನ ಬಾಗಿಲಲ್ಲಿ ನಿಂತು "ಎರಡು ನಿಮಿಷ ಆಗಿಲ್ಲ" ಎಂದು ದಬಾಯಿಸುತ್ತಿದ್ದಳು. ಮೂರು ವಾರಕ್ಕೆ ಉಗುಳು ಬೆಳ್ಳಗಾಯಿತು. ಮಾಲತಿ ಮತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂರತೊಡಗಿದಳು. ಆದರೂ ಅಸಲಿ ಪರೀಕ್ಷೆ ಬಾಕಿ ಇತ್ತು.

ಮೂರು ತಿಂಗಳ ಮೇಲೆ ಅದೇ ಕಡ್ಡಿ, ಅದೇ ನರ್ಸ್. ಎಸ್‌ಎಸ್‌ಎಲ್‌ಸಿ ರಿಸಲ್ಟಿಗೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಹಿಂದಿನ ಹಲ್ಲುಗಳಿಂದ ಶುರು ಮಾಡಿದರು. "ಮೂಣು... ಮೂಣು... ರೆಂಡು..." ಮೂರು, ಮೂರು, ಎರಡು. ಒಂದು ದವಡೆ ಹಲ್ಲಿಗೆ ಮಾತ್ರ "ಅಂಜು" ಎಂದರು. ಮುಂದಿನ ನಾಲ್ಕಕ್ಕೆ ಬಂದರು. "ಮೂಣು. ರೆಂಡು. ಮೂಣು." ಕಡ್ಡಿ ಮುಂದೆ ಸರಿಯಿತು. "ಮೂಣು. ಮೂಣು. ರೆಂಡು." ಕೊನೆಗೆ ಒಂದು ಕೈಯ ಕಡ್ಡಿ ತೆಗೆಯದೆ ಇನ್ನೊಂದು ಕೈಯ ಬೆರಳಿನಿಂದ ಅಲ್ಲಾಡಿಸಿ ನೋಡಿದರು, ಒಂದೂ ಜಗ್ಗಲಿಲ್ಲ! ಬಾಯಲ್ಲಿ ಕಡ್ಡಿ ಇರುವಾಗಲೇ ನಗು ಉಕ್ಕಿ ಬಂತು. "ಸಿರಿಕ್ಕಾದೀಂಗಮ್ಮಾ, ಕುತ್ತೀಡುಂ!" ನಗಬೇಡಿ, ಚುಚ್ಚಿಬಿಡುತ್ತೆ ಎನ್ನುತ್ತಾ ಡಾಕ್ಟರಮ್ಮನೂ ನಕ್ಕುಬಿಟ್ಟರು. ನಾನು ಎದ್ದು ಅವರ ಎರಡೂ ಕೈ ಹಿಡಿದುಕೊಂಡು ಅಂದು ಬೈದದ್ದಕ್ಕೆ ಕ್ಷಮೆ ಕೇಳಿದೆ. "ಅರ್ಧ ಅರ್ಥವಾಗಲಿಲ್ಲ ಬಿಡಿ" ಎಂದರು.

ಅಡ್ಯಾರ್ ಬಸ್ ಸ್ಟಾಪಿನಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿ, ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. ನಾಲ್ಕೂ ಹಲ್ಲು ಗಟ್ಟಿಯಾಗಿವೆ ಎಂದು ಕುಣಿದಾಡುವ ಹಾಗೆ ಹೇಳಿದೆ. ಅವ್ವ ಸಣ್ಣ ದನಿಯಲ್ಲಿ, "ಹಂಗಾರೆ... ಬಲಗಡೆಗೂ ಹೋಗಿದ್ರೆ ನನ್ನವೂ ಉಳ್ಕೊಳವಾ?" ಎಂದಳು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಉಳ್ಕೊಳೋವು ಅನ್ಸುತ್ತೆ ಕಣವ್ವ" ಎಂದೆ.

"ಹೋಗ್ಲಿ ಬುಡು. ನಿನ್ನವು ಉಳುದ್ವಲ್ಲ, ಅಷ್ಟು ಸಾಕು" ಎಂದು ಫೋನಿಟ್ಟಳು.

ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ವಾರ ನನ್ನ ತಮ್ಮನ ಫೋನ್ ಬಂತು. "ಅಕ್ಕಾ, ಏನ್ ಹೇಳ್ಕೊಟ್ಟೆ ಅವ್ವಂಗೆ? ನನ್ನನ್ನ ಹಲ್ಲಿನ ಡಾಕ್ಟ್ರತ್ರ ಎಳ್ಕೊಂಡ್ ಬಂದವ್ಳೆ!" ಅವನ ವಸಡಿನಲ್ಲೂ ರಕ್ತ ಬರುತ್ತಿದ್ದುದನ್ನು ಅವ್ವ ಗಮನಿಸಿದ್ದಳಂತೆ. ಅವನಿಗೂ ನಾಲ್ಕು ಸಲ ಬರಬೇಕು ಎಂದಿದ್ದರು. ಆ ನಾಲ್ಕು ಸಲವೂ ಎಪ್ಪತ್ತಾರು ವರ್ಷದ ನಮ್ಮವ್ವ ಕ್ಲಿನಿಕ್ಕಿನ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳಂತೆ, ಮಗ ಅರ್ಧಕ್ಕೆ ಎದ್ದು ಓಡದ ಹಾಗೆ. ಅದನ್ನು ನೆನೆದಾಗಲೆಲ್ಲ ನನಗೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ನನ್ನ ನಾಲ್ಕು ಹಲ್ಲು ಉಳಿದದ್ದು ದೊಡ್ಡದೇ, ಆದರೆ ಆ ಬಾಗಿಲಲ್ಲಿ ಕೂತು ಗೆದ್ದವಳು ನಮ್ಮವ್ವ.