ಸೋಲಬೇಕಾಗಿದ್ದ ಬಿಡ್ಡು

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಟ್ಟೆಯಂಗಡಿಗೂ ಮಿಕ್ಸಿ ರಿಪೇರಿ ಮಾಡುವವನಿಗೂ ನಡುವೆ ಸಿಕ್ಕಿಕೊಂಡಂತಿದ್ದ ಟ್ರಾವೆಲ್ಸ್ ಆಫೀಸಿನಲ್ಲಿ ರೇವತಿ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಮಾಲೀಕ ಮಂಜೂರ್ ಸಾಹೇಬರದು ಹಜ್, ಉಮ್ರಾ ಯಾತ್ರೆಯ ವ್ಯವಹಾರ. ಅವರದು ಮುಂದಿನ ಟೇಬಲ್ಲು, ಹಿಂಬದಿ ಗೋಡೆಗೆ ಒತ್ತಿಕೊಂಡ ಕಂಪ್ಯೂಟರು ರೇವತಿಯದು. ಮದುವೆ ಗೊತ್ತಾದ ಜೋಡಿಗಳು ಹುಡುಕಿಕೊಂಡು ಬರುತ್ತಿದ್ದುದು ಆ ಕಂಪ್ಯೂಟರನ್ನೇ. ಹನ್ನೆರಡು ಸಾವಿರದ ರೂಮನ್ನು ಏಳಕ್ಕೆ ಹಿಡಿದುಕೊಡುತ್ತಾಳೆ ಎಂದು ಆಕೆಯ ಹೆಸರು ಹಲಸೂರಿನಿಂದ ಕೆ.ಆರ್.ಪುರದವರೆಗೂ ಹಬ್ಬಿತ್ತು.

ಆಕೆ ಬಳಸುತ್ತಿದ್ದ ಸೈಟಿನ ರೀತಿಯೇ ಬೇರೆ. ಊರು, ದಿನ, ಎಷ್ಟು ಸ್ಟಾರಿನ ರೆಸಾರ್ಟು ಎಂದು ಆರಿಸಿ, ದಿನಕ್ಕೆ ಇಷ್ಟು ಕೊಡುತ್ತೇವೆ ಎಂದು ನಾವೇ ಬೆಲೆ ಕೂಗಬೇಕು. ದುಡ್ಡು ಮೊದಲೇ ಕಟ್ಟಬೇಕು. ರೆಸಾರ್ಟಿನವರು ಒಪ್ಪಿದ ಮೇಲಷ್ಟೇ ಅದರ ಹೆಸರು ಕಾಣುತ್ತದೆ. ಆಮೇಲೆ ಹೆಸರು ಹಿಡಿಸಲಿಲ್ಲ, ದಿನ ಬದಲಾಯಿತು ಎಂದರೆ ಒಂದು ಕಾಸೂ ವಾಪಸ್ಸು ಬರುವುದಿಲ್ಲ. ಒಪ್ಪದಿದ್ದರೆ ದುಡ್ಡು ಹಿಂದಕ್ಕೆ ಬರುತ್ತದೆ, ಆದರೆ ಅದೇ ಊರಿಗೆ ಅದೇ ದಿನಗಳಿಗೆ ಮತ್ತೆ ಕೂಗುವ ಹಾಗಿಲ್ಲ. ಎಲ್ಲಿಗೆ ಎಷ್ಟು ಕೂಗಿದರೆ ಬೀಳುತ್ತದೆ ಎಂಬುದು ರೇವತಿಗೆ ಕೈ ಅಳತೆಯಲ್ಲಿ ಗೊತ್ತಿತ್ತು. ಮಳೆ, ಪರೀಕ್ಷೆ, ರಜೆ, ಶೂನ್ಯ ಮಾಸ ಎಲ್ಲವನ್ನೂ ಲೆಕ್ಕಕ್ಕೆ ತಂದುಕೊಂಡೇ ಬೆಲೆ ಹಾಕುತ್ತಿದ್ದಳು.

ತಾನು ಮಾತ್ರ ಅಂಥ ಯಾವ ರೆಸಾರ್ಟನ್ನೂ ಕಂಡವಳಲ್ಲ. ಶಹಾಪುರದ ಹತ್ತಿರದ ಹಳ್ಳಿಯಿಂದ, ಮದುವೆಯಾದ ನಾಲ್ಕನೇ ದಿನಕ್ಕೆ ಗಂಡ ಮುತ್ತಣ್ಣನ ಹಿಂದೆ ಬಸ್ಸು ಹತ್ತಿ ಹಲಸೂರಿನ ಬಾಡಿಗೆ ರೂಮಿಗೆ ಬಂದಿದ್ದಳು. ಬರುವಾಗ ಒಂದು ಗುಟ್ಟನ್ನೂ ಹೊತ್ತು ತಂದಿದ್ದಳು. ಆಕೆ ಮುತ್ತಣ್ಣನಿಗಿಂತ ಎರಡು ವರ್ಷ ದೊಡ್ಡವಳು. ಸಂಬಂಧ ತಪ್ಪಿಹೋದೀತೆಂದು ಅಪ್ಪ ಭಗವಂತರಾಯ ವಯಸ್ಸು ಇಳಿಸಿ ಹೇಳಿದ್ದ. ಒಂದು ವರ್ಷ ಆಕೆ ತನ್ನ ಮಾರ್ಕ್ಸ್ ಕಾರ್ಡನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಬದುಕಿದಳು. ರೇಷನ್ ಕಾರ್ಡಿಗೆ ಕಾಗದ ಪತ್ರ ಹುಡುಕುವಾಗ ಅದು ಮುತ್ತಣ್ಣನ ಕೈಗೇ ಸಿಕ್ಕಿತು. ಎರಡು ದಿನ ಅವನು ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿಗೆ ಕೂತಾಗ, "ಇನ್ನ ಮ್ಯಾಲ ನಿನಗ ಅಕ್ಕಾರ ಅಂತ ಕರೀತೀನಿ ತಗೋ" ಎಂದ. ಅಲ್ಲಿಗೆ ಮುಗಿಯಿತು. ಹೊತ್ತು ಬಂದಾಗ ಹೊರಬಿದ್ದರೆ ಸಾಕು, ಮನುಷ್ಯರು ನುಂಗಿಕೊಳ್ಳುತ್ತಾರೆ ಎಂದು ರೇವತಿ ಅಂದಿನಿಂದ ನಂಬಿದ್ದಳು.

ಮೇ ತಿಂಗಳ ನಡುವೆ ಕೆಂಪರಾಜ್ ಬಂದ. ಕೆ.ಆರ್.ಪುರದ ಆಚೆಯ ಹಳೇ ಊರಿನ ಮುನಿನಾರಾಯಣಪ್ಪನವರ ಮಗ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಮೂರು ಕಟ್ಟಡ ಎದ್ದಿವೆ, ಬಾಡಿಗೆ ವಸೂಲಿ ಇವನ ಕೆಲಸ. ಜೊತೆಯಲ್ಲಿ ಅವನು ಕೈ ಹಿಡಿಯಲಿದ್ದ ಸುಕನ್ಯ ಇದ್ದಳು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಬಟ್ಟೆಯ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಮದುವೆಗೆ ಇನ್ನು ಹನ್ನೆರಡೇ ದಿನ.

"ದುಡ್ಡಿಲ್ಲ ಅಂತಲ್ಲ ಮೇಡಂ. ಆದ್ರೂ ಹದಿನೈದು ಸಾವಿರದ ರೂಮು ಎಂಟಕ್ಕೆ ಸಿಗೋವಾಗ ಹದಿನೈದು ಯಾಕ್ ಕೊಡ್ಬೇಕು ಹೇಳಿ" ಎಂದ ಕೆಂಪರಾಜ್. "ಕೇರಳದ ಕಡೆ, ಸಮುದ್ರದ ಪಕ್ಕ, ಐದು ದಿನ. ಎಂಟರವರೆಗೂ ಹೋಗಿ. ಬಿದ್ದಿಲ್ಲ ಅಂದ್ರೆ ಆಷಾಢ ಮುಗೀಲಿ, ಆಮೇಲೆ ನೋಡಣ."

ಬಿಡ್ಡಿನ ದುಡ್ಡನ್ನು ಆಫೀಸಿನ ಕಾರ್ಡಿನಿಂದಲೇ ಕಟ್ಟುವುದು ವಾಡಿಕೆ, ಅವನು ಮುಂಗಡ ಕೊಟ್ಟು ಹೋದ. ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸುಕನ್ಯ ಒಬ್ಬಳೇ ಬಂದಳು.

"ಅಕ್ಕ, ಬಿಡ್ ಹಾಕಿಬಿಟ್ರಾ?"

"ಇನ್ನೂ ಇಲ್ಲಮ್ಮ. ಮಧ್ಯಾಹ್ನ ಹಾಕ್ತೀನಿ."

"ಅದು ಬೀಳದೇ ಇರೋ ಹಾಗೆ ಹಾಕಕ್ಕಾಗತ್ತಾ?"

ರೇವತಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು. "ಯಾಕಮ್ಮ? ಮನಸ್ಸಲ್ಲಿ ಬೇರೆ ಯಾರಾದ್ರೂ ಇದಾರಾ?"

"ಅಯ್ಯೋ, ಅದಲ್ಲ" ಎಂದವಳು ಸ್ವಲ್ಪ ಹೊತ್ತು ಚೀಲದ ಜಿಪ್ಪನ್ನು ಎಳೆಯುತ್ತ ಬಿಡುತ್ತ ಕೂತಳು. ಆಮೇಲೆ ಅದರಿಂದ ಒಂದು ಮಾತ್ರೆಯ ಹಾಳೆ ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು. ಒಂಬತ್ತನೇ ಕ್ಲಾಸಿನಿಂದ ಅವಳಿಗೆ ಫಿಟ್ಸು. ಎರಡು ಹೊತ್ತು ಮಾತ್ರೆ ತಪ್ಪದಿದ್ದರೆ, ನಿದ್ದೆ ಕೆಡದಿದ್ದರೆ ಬರುವುದಿಲ್ಲ. ಕೊನೆಯ ಸಲ ಬಂದು ಎರಡೂವರೆ ವರ್ಷವಾಗಿತ್ತು. ಗಂಡಿನ ಮನೆಯವರಿಗೆ ಹೇಳಿರಲಿಲ್ಲ. ಹೇಳಕೂಡದೆಂದು ತಾಯಿ ದೇವರ ಮುಂದೆ ಮಾತು ತೆಗೆದುಕೊಂಡಿದ್ದಳು.

"ಅವರ ಮನೇಲಾದ್ರೆ ಅಡುಗೆಮನೆ ಇರತ್ತೆ, ಎಲ್ಲಾದರೂ ಮರೇಲಿ ಮಾತ್ರೆ ನುಂಗ್ಬೋದು. ಅಲ್ಲಿ ಒಂದೇ ರೂಮು, ಐದು ದಿನ. ಬಿಡ್ ಬಿದ್ದಿಲ್ಲ ಅಂದ್ರೆ ಅವರು ಫುಲ್ ರೇಟ್ ಕೊಟ್ಟು ಹೋಗೋರಲ್ಲ. ಅಷ್ಟರಲ್ಲಿ ಆಷಾಢ ಬರತ್ತೆ, ನಾನು ತವರಿಗೆ ಬರ್ತೀನಿ. ಒಂದು ತಿಂಗಳು ಸಿಗತ್ತೆ ಅಕ್ಕ. ಅಮ್ಮನ್ನ ಒಪ್ಪಿಸಿ ನಾನೇ ಅವರಿಗೆ ಹೇಳ್ತೀನಿ."

"ಈಗ್ಲೇ ಹೇಳಿದ್ರೆ?"

"ಈಗ ಹೇಳಿದ್ರೆ ಮದುವೆ ನಿಲ್ಲತ್ತೆ" ಎಂದಳು ಸುಕನ್ಯ, ಹೊರಗೆ ಮಳೆ ಬರುತ್ತಿದೆ ಎನ್ನುವಷ್ಟು ಸಹಜವಾಗಿ.

ರೇವತಿಗೆ ಟ್ರಂಕಿನ ತಳದ ಮಾರ್ಕ್ಸ್ ಕಾರ್ಡು ಕಣ್ಣ ಮುಂದೆ ಬಂತು. ಆ ಹುಡುಗಿ ಕೇಳುತ್ತಿರುವುದು ಒಂದು ತಿಂಗಳು. ತಾನೇ ಒಂದು ವರ್ಷ ತೆಗೆದುಕೊಂಡಿರಲಿಲ್ಲವೇ? ಆಗಲಿ ಎಂದಳು. ಬಿಡ್ಡೇ ಹಾಕದೆ ಬೀಳಲಿಲ್ಲ ಎನ್ನುವ ಹಾಗಿರಲಿಲ್ಲ, ಕಾರ್ಡಿನ ಲೆಕ್ಕವನ್ನು ಮಂಜೂರ್ ಸಾಹೇಬರು ನೋಡುತ್ತಿದ್ದರು. ಹುಡುಗಿ ಹೋದ ಮೇಲೆ, ಎಂಟು ಸಾವಿರ ಎಂದು ಹಾಕಬೇಕಾದ ಕಡೆ ಮೂರು ಸಾವಿರದ ಇನ್ನೂರು ಎಂದು ಹಾಕಿದಳು. ಆ ಬೆಲೆಗೆ ಅಂಥ ಕಡೆ ಕಾರು ನಿಲ್ಲಿಸಲೂ ಜಾಗ ಕೊಡಲಾರರು ಎಂದು ಧೈರ್ಯವಾಗಿ ಗುಂಡಿ ಒತ್ತಿ ಊಟದ ಡಬ್ಬಿ ಬಿಚ್ಚಿದಳು.

ಕೈ ತೊಳೆದು ಬರುವಷ್ಟರಲ್ಲಿ ಪರದೆಯ ಮೇಲೆ ಅಭಿನಂದನೆ ಎಂದು ಬಂದಿತ್ತು. ಕೆಳಗೆ ರೆಸಾರ್ಟಿನ ಹೆಸರು, ಸಮುದ್ರದ ಚಿತ್ರ. ಜೂನ್ ಎರಡನೇ ವಾರವೆಂದರೆ ಆ ಕಡೆ ಮಳೆಗಾಲ, ಖಾಲಿ ಬಿಡುವ ಬದಲು ಬಂದಷ್ಟು ಬರಲಿ ಎಂದು ಯಾರೋ ಒಪ್ಪಿಬಿಟ್ಟಿದ್ದರು. ಮಳೆಯನ್ನು ಅವಳು ಎಂದೂ ಲೆಕ್ಕದಿಂದ ಬಿಟ್ಟವಳಲ್ಲ, ಆವತ್ತು ಬಿಟ್ಟಿದ್ದಳು. ರದ್ದು ಮಾಡಿದರೆ ಐದು ದಿನದ ದುಡ್ಡೂ ಹೋಗುತ್ತದೆ, ಯಾಕೆಂದು ಮಂಜೂರ್ ಸಾಹೇಬರಿಗೂ ಕೆಂಪರಾಜನಿಗೂ ಹೇಳಬೇಕಾಗುತ್ತದೆ.

ಸುಕನ್ಯಳಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

"ಪರವಾಗಿಲ್ಲ ಬಿಡಿ ಅಕ್ಕ" ಎಂದಳು ಸುಕನ್ಯ.

"ನಾ ನಿಜವಾಗ್ಲೂ ಕಮ್ಮೀನೇ ಹಾಕಿದ್ದೆ ಕಣಮ್ಮ."

"ಗೊತ್ತಾಯ್ತು ಅಕ್ಕ." ಫೋನು ಇಟ್ಟಳು. ಅವಳು ನಂಬಿದಳೋ ಇಲ್ಲವೋ ರೇವತಿಗೆ ತಿಳಿಯಲಿಲ್ಲ.

ಕೆಂಪರಾಜ್ ಮಾತ್ರ ಹಿಗ್ಗಿಹೋದ. ಒಂದು ಕೇಜಿ ಮೈಸೂರು ಪಾಕು, ಲಗ್ನಪತ್ರಿಕೆ ಹಿಡಿದುಕೊಂಡು ಬಂದ. "ಮೂರು ಸಾವಿರದ ಇನ್ನೂರಾ! ನಮ್ಮಪ್ಪನಿಗೆ ಹೇಳಿದೆ, ಅವರೇ ನಂಬ್ಲಿಲ್ಲ ಮೇಡಂ" ಎಂದು ಮಂಜೂರ್ ಸಾಹೇಬರ ಮುಂದೆ ಹೊಗಳಿದ. ರೇವತಿ ನಕ್ಕಳು. ಆ ದಿನಗಳಲ್ಲಿ ಅವನ ನಂಬರನ್ನು ತೆಗೆದು ನೋಡಿ, ಮತ್ತೆ ಫೋನನ್ನು ಬೋರಲಾಗಿಡುತ್ತಿದ್ದಳು. ಹೇಳಿದರೆ ಮದುವೆ ಮುರಿದ ಪಾಪ. ಹೇಳದಿದ್ದರೆ? ಮದುವೆಗೆ ಎರಡು ದಿನವಿರುವಾಗ, ಮಾತ್ರೆ ಮಾತ್ರ ಒಂದು ಹೊತ್ತೂ ಬಿಡಬೇಡ ಎಂದು ಸುಕನ್ಯಳಿಗೆ ಮೆಸೇಜು ಹಾಕಿದಳು. ಉತ್ತರ ಬರಲಿಲ್ಲ. ರೇವತಿ ಮದುವೆಗೂ ಹೋಗಲಿಲ್ಲ.

ಜೂನ್ ಹನ್ನೊಂದರಂದು, ಆಫೀಸಿನ ಶಟರು ಎತ್ತಿ ಇನ್ನೂ ಕಸ ಗುಡಿಸುತ್ತಿದ್ದಾಗ ಫೋನು ಬಂತು. ಕೆಂಪರಾಜನ ದನಿ ಅವನದಲ್ಲದಂತೆ ಇತ್ತು.

"ಮೇಡಂ, ವಾಪಸ್ ಟಿಕೆಟ್ ಇವತ್ತಿಗೆ ಮಾಡ್ಬೇಕು. ಏನಾದ್ರೂ ಮಾಡಿ. ಸುಕನ್ಯಂಗೆ ಏನೋ ಆಗೋಯ್ತು. ತಿಂಡಿ ತಿಂತಾ ಇದ್ಲು, ಹಂಗೇ ಬಿದ್ಬಿಟ್ಲು, ಕೈ ಕಾಲು ಎಲ್ಲ ಅದುರಿ... ಆಸ್ಪತ್ರೇಲಿದೀವಿ. ಇನ್ನೂ ಸರಿಯಾಗಿ ಎಚ್ಚರ ಇಲ್ಲ."

"ಮಾತ್ರೆ ತಗೊಂಡಿದ್ರಾ ಸರ್?"

ಮಾತು ಬಾಯಿಂದ ಬಿದ್ದುಹೋಗಿತ್ತು. ಆ ಕಡೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಯಾವ ಮಾತ್ರೆ?"

ಪೊರಕೆ ಕೈಯಲ್ಲೇ ಇತ್ತು. ಇನ್ನು ಮುಚ್ಚಿಡುವ ಹೊತ್ತಲ್ಲ ಎಂದು ರೇವತಿಗೆ ತೋರಿತು. "ಸರ್, ಮೊದ್ಲು ಡಾಕ್ಟರಿಗೆ ಹೇಳಿ. ಅವ್ರಿಗೆ ಒಂಬತ್ತನೇ ಕ್ಲಾಸಿಂದ ಫಿಟ್ಸ್ ಇದೆ. ದಿನಾ ಎರಡು ಹೊತ್ತು ಮಾತ್ರೆ. ಅವರ ಬ್ಯಾಗಲ್ಲಿ ಇರ್ಬೇಕು ನೋಡಿ. ಆ ಹಾಳೆ ತೋರಿಸಿ, ಎಷ್ಟು ಹೊತ್ತು ತಪ್ಪಿದೆ ಅಂತ ಕೇಳಿ."

ಅವನು ಫೋನಿಟ್ಟ. ರೇವತಿ ಕೂತು ಟಿಕೆಟ್ ಬದಲಿಸಲು ನೋಡಿದಳು. ಹೆಸರಿನ ಅಕ್ಷರಗಳು ತಪ್ಪುತ್ತಿದ್ದವು. ಮಂಜೂರ್ ಸಾಹೇಬರು ಬಂದು ವಿಷಯ ಕೇಳಿ, ಒಂದು ಲೋಟ ಚಾ ತರಿಸಿ ಅವಳ ಮುಂದಿಟ್ಟರು. "ನಮ್ದು ಕೆಲ್ಸ ರೂಮ್ ಕೊಡೋದು ಬೇಟಾ. ಅದಕ್ಕಿಂತ ಜಾಸ್ತಿ ಒಳಗೆ ಹೋಗ್ಬಾರ್ದು" ಎಂದರು, ಬೈದಂತೆಯೂ ಅಲ್ಲ. ಮಧ್ಯಾಹ್ನ ಕೆಂಪರಾಜನಿಂದ ಎರಡೇ ಸಾಲಿನ ಮೆಸೇಜು ಬಂತು. ಎಚ್ಚರವಾಗಿದೆ. ನಾಳೆಗೆ ಟಿಕೆಟ್ ಮಾಡಿ.

ಒಂದು ವಾರ ಬಿಟ್ಟು ಅವನೇ ಬಂದ. ಗಡ್ಡ ಬಿಟ್ಟಿದ್ದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ರೈಲಲ್ಲಿ ಹೋಗೋವಾಗ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅವ್ಳು. ನಾನು ನೋಡ್ತೀನಿ ಅಂತ ಎರಡು ದಿನ ಮಾತ್ರೇನೂ ನುಂಗಿಲ್ಲ. ಡಾಕ್ಟರು, ನೀವು ಹೇಳಿದ್ದಕ್ಕೆ ಬೇಗ ಗೊತ್ತಾಯ್ತು ಅಂದ್ರು. ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

"ಬೇಡಿ ಸರ್."

"ಬಿಡ್ ವಿಷಯಾನೂ ಹೇಳಿದ್ಲು, ಅವಳು ಬಂದು ಕೇಳ್ಕೊಂಡಿದ್ದು." ಅವನು ಗೋಡೆಯ ಮೇಲಿನ ಮೆಕ್ಕಾ ಕ್ಯಾಲೆಂಡರಿನ ಕಡೆ ನೋಡಿದ. "ಕಾಯಿಲೆ ಅಂದ್ರೆ ನಂಗೇನೂ ಅಸಹ್ಯ ಇಲ್ಲ ಮೇಡಂ. ನಮ್ಮ ಸೋದರತ್ತೆಗೂ ಇತ್ತು, ಅವರನ್ನ ನಾನೇ ಹೊತ್ಕೊಂಡು ಹೋಗಿದೀನಿ. ಆದ್ರೆ ನನಗೆ ಹೇಳ್ಬೇಕಾಗಿದ್ದನ್ನ ರೂಮ್ ಬುಕ್ ಮಾಡೋರಿಗೆ ಹೇಳಿದಾಳೆ. ತಾಳಿ ಕಟ್ಟೋಕೆ ಮುಂಚೆ ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಸ್ವೀಟ್ ತಂದ್ಕೊಟ್ಟಾಗ ನೀವು ನಗ್ತಾ ಇದ್ರಿ."

ರೇವತಿ ಎದ್ದು ನಿಂತಳು. ತಪ್ಪಾಯಿತು ಎಂದಳು. ಯಾವುದು ತಪ್ಪಾಯಿತು ಎಂದು ಅವನು ಕೇಳಿದ್ದರೆ ಉತ್ತರಿಸಲು ಅವಳಿಂದ ಆಗುತ್ತಿರಲಿಲ್ಲ. ಅವನು ಕೇಳಲಿಲ್ಲ, ಬಾಕಿ ಕೊಟ್ಟು ಹೊರಟುಹೋದ.

ಆಷಾಢ ಬಂತು. ಸುಕನ್ಯ ತವರಿಗೆ ಹೋದಳು. ಊರಿನವರ ಕಣ್ಣಿಗೆ ಅದು ಹೊಸ ಸೊಸೆ ತವರಿಗೆ ಹೋದ ಮಾಮೂಲಿ ಆಷಾಢ. ತಿಂಗಳಾದ ಮೇಲೆ ಕರೆದುಕೊಂಡು ಹೋಗಲು ಅವನು ಬರುತ್ತಾನೋ ಇಲ್ಲವೋ ಎಂಬ ಚಿಂತೆ ಆ ಮನೆಯವರದು, ಮತ್ತೆ ಹಲಸೂರಿನ ಬಾಡಿಗೆ ರೂಮಿನಲ್ಲಿ ರೇವತಿಯದು. ಮುತ್ತಣ್ಣನಿಗೆ ಎಲ್ಲವನ್ನೂ ಹೇಳಿಕೊಂಡಳು.

"ನಮ್ಮದು ಬ್ಯಾರೆ ಮಾತು" ಎಂದ ಅವನು ಯೋಚಿಸಿ. "ನೀ ಎರಡು ವರ್ಷ ದೊಡ್ಡಾಕಿ ಅಂತ ಯಾರೂ ಸಾಯಂಗಿಲ್ಲಲ್ಲ. ನಿನ್ನ ಗುಟ್ಟಿನ ತೂಕದಾಗ ಆ ಹುಡುಗೀದೂ ತೂಗಿದಿ."

ಆ ಮಾತು ಅವಳಿಗೆ ನಾಟಿತು. ಶ್ರಾವಣದಲ್ಲಿ ಮದುವೆಯಿದ್ದ ಕೆಲವು ಜೋಡಿಗಳಿಗೆ ಆ ತಿಂಗಳು ರೂಮು ಹಿಡಿದುಕೊಟ್ಟಳು. ಮೊದಲಿನಂತೆ ಬೆಲೆ ಕೂಗುವಾಗ ಖುಷಿಯಾಗುತ್ತಿರಲಿಲ್ಲ. ಎದುರಿಗೆ ಕೂತವರ ಮುಖ ನೋಡುವುದನ್ನೇ ಬಿಟ್ಟಿದ್ದಳು.

ಶ್ರಾವಣದ ಮೊದಲ ಶುಕ್ರವಾರ ಸುಕನ್ಯಳ ಫೋನು ಬಂತು. ಕಾರಿನ ಸದ್ದಿನ ನಡುವೆ ಪಿಸುಮಾತು.

"ಅಕ್ಕ, ಅವರು ಬಂದಿದಾರೆ. ಮನೆಗೆ ಹೋಗ್ತಾ ಇದೀವಿ. ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ಕಲ್ಲಿ ನಿಂತಿದೀವಿ, ಅವರು ನೀರಿನ ಬಾಟ್ಲಿ ತರಕ್ಕೆ ಇಳಿದ್ರು."

"ಮಾತಾಡ್ತಾರಾ?"

"ಜಾಸ್ತಿ ಇಲ್ಲ. ಅತ್ತೆಗೆ ಅವರೇ ಹೇಳಿದಾರಂತೆ. ಅತ್ತೆ ನಮ್ಮಮ್ಮನ ಹತ್ರ ಮಾತು ಬಿಟ್ಟಿದಾರೆ. ಮನೇಲಿ ಏನಾಗತ್ತೋ ಗೊತ್ತಿಲ್ಲ. ಕಾರ್ ಹತ್ತಿದ ಕೂಡ್ಲೇ ಒಂದೇ ಮಾತು ಕೇಳಿದ್ರು. ಬೆಳಗ್ಗೇದು ತಗೊಂಡ್ಯಾ ಅಂತ."

"ತಗೊಂಡಿದ್ಯಾ?"

"ಹೂಂ ಅಕ್ಕ. ಬಂದ್ರು, ಇಡ್ತೀನಿ."

ರೇವತಿ ಫೋನನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡಳು. ಮುಂದಿನ ಟೇಬಲ್ಲಿನಿಂದ ಮಂಜೂರ್ ಸಾಹೇಬರು ತಿರುಗಿ ನೋಡಿ, ಒಂದು ಲೋಟ ಚಾ ತರಿಸಿದರು.