ತಗ್ಗಿದ ಸೀಟು

ಬೆಳಕು ಹರಿಯುವ ಮೊದಲೇ ಪರ್ಕಳದ ಮನೆಯಲ್ಲಿ ಭವ್ಯಶ್ರೀ ಅಂಗಳ ಗುಡಿಸಿ, ಹೆರೆಮಣೆಯಲ್ಲಿ ಕೂತು ಕಾಯಿ ತುರಿದು, ನೀರುದೋಸೆಗೆ ಅಕ್ಕಿ ರುಬ್ಬಿಟ್ಟು, ಕುಕ್ಕರುಗಾಲಲ್ಲಿ ನೆಲ ಒರೆಸುತ್ತಿದ್ದಳು. ಭಾನುವಾರ ಕಾರ್ಕಳದ ಗುಡ್ಡಗಳಲ್ಲಿ ಸೈಕಲ್ ತುಳಿಯುವುದೊಂದೇ ಅವಳದೆಂಬಂತಿತ್ತು. ಈಗ ಅದಕ್ಕೂ ಮೊಣಕಾಲು ನೋವು ಅಡ್ಡ ಬಂದಿತ್ತು.

"ಸೈಕಲ್ಲಿಂದಲೇ ಬಂದ ನೋವು ಮಾರಾಯ್ತಿ, ಮಾರಿಬಿಡು," ಅಂದರು ಅತ್ತೆ ಅಕ್ಕು.

"ಬೀಳಬಾರದೆಂದು ನಾನೇ ಸೀಟು ತಗ್ಗಿಸಿ ಕೊಟ್ಟಿದ್ದೆ. ಇನ್ನೆಂತ ಮಾಡುವುದು?" ಅಂದ ಗಂಡ ಅಕ್ಷಿತ್, ದೋಸೆಗೆ ಕಾಯುತ್ತ.

ಮೊಣಕಾಲು ನೋಡಿದ ಮಣಿಪಾಲದ ಫಿಸಿಯೋಥೆರಪಿಸ್ಟ್ ಹೇಳಿದ್ದೇ ಬೇರೆ: ಸೀಟು ತಗ್ಗಾದಷ್ಟೂ ಮೊಣಕಾಲಿಗೆ ಭಾರ, ಎತ್ತರಿಸಿ. ಕುಕ್ಕರುಗಾಲಲ್ಲಿ ಕೂರುವುದನ್ನು ನಿಲ್ಲಿಸಿ. ಭವ್ಯಶ್ರೀ ಅದನ್ನು ಹೇಳಿದಾಗ ಅತ್ತೆ ನಕ್ಕರು.

"ನೆಲ ಒರೆಸಿ ಯಾರಿಗಾದರೂ ಕಾಲುನೋವು ಬಂದದ್ದುಂಟಾ?"

ಹಾಗೆಂದವರು ಗೋಡೆ ಹಿಡಿದು ಎದ್ದರು. ವರ್ಷಗಳಿಂದ ಅವರು ಏಳುವುದೇ ಹಾಗೆ.

ಭವ್ಯಶ್ರೀಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅರ್ಧ ಒರೆಸಿದ ನೆಲವನ್ನು ಅಲ್ಲಿಗೇ ಬಿಟ್ಟು, ಬಟ್ಟೆಯನ್ನು ಬಕೆಟಿಗೆ ಹಾಕಿ, ಹಿತ್ತಿಲಿಗೆ ಹೋದಳು. ಅಲ್ಲಿದ್ದ ಸೈಕಲ್ಲಿನ ಸೀಟಿನ ತಿರುಪು ಸಡಿಲಿಸಿ, ತನ್ನ ಸೊಂಟದ ಮಟ್ಟಕ್ಕೆ ಏರಿಸಿ ಬಿಗಿದಳು.

"ದೋಸೆ?" ಒಳಗಿಂದ ಅಕ್ಷಿತ್ ಕೂಗಿದ.

"ಹಿಟ್ಟು ಪಾತ್ರೆಯಲ್ಲಿ ಉಂಟು," ಎಂದು ಅವಳು ಸೈಕಲ್ ತಳ್ಳಿಕೊಂಡು ಹೋಗಿ ಗೇಟು ತೆರೆದಳು.