ಮುಖ್ಯಸ್ಥರ ಸಂಶೋಧನಾ ಆಸಕ್ತಿಗಳು

ಸಿಟ್ಟು ಬಂದಾಗ ಪೆನ್ನು ಹಿಡಿಯಬಾರದು ಎಂದು ತಿಳಿದವರು ಹೇಳುತ್ತಾರೆ. ಇಳಿಯಲಿ ಎಂದು ಒಂದು ವರ್ಷ ಕಾದೆ. ಇಳಿಯಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ನಾನು ತತ್ತ್ವಶಾಸ್ತ್ರದ ಅತಿಥಿ ಉಪನ್ಯಾಸಕಿ. ಇಳಕಲ್ಲಿನ ನೇಕಾರರ ಮನೆಯವಳು. ಅಲ್ಲಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಕಾಲೇಜಿನಲ್ಲಿ ಕಲಿಸುತ್ತೇನೆ. ಕಾಲೇಜಿನ ಹೆಸರು ಬೇಡ. ಹನ್ನೊಂದು ವರ್ಷ ಅಲ್ಲೇ ಇದ್ದೇನೆ, ಆದರೂ ಪ್ರತಿ ವರ್ಷ ಹೊಸಬಳಂತೆ ಅರ್ಜಿ ಹಾಕಬೇಕು. ಈ 'ಅತಿಥಿ' ಎಂಬ ಹೆಸರು ಕೊಟ್ಟ ಪುಣ್ಯಾತ್ಮ ಸಿಕ್ಕರೆ ಒಂದು ಮಾತು ಕೇಳಬೇಕಾಗಿದೆ: ಯಾವ ಊರಲ್ಲಪ್ಪ ಅತಿಥಿಯೇ ಕಸ ಹೊಡೆದು, ಒಲೆ ಹಚ್ಚಿ, ರೊಟ್ಟಿ ಬಡಿದು, ಆಮೇಲೆ ಮನೆಯ ಯಜಮಾನನನ್ನು ಊಟಕ್ಕೆ ಕರೆಯುವುದು?

ನಮ್ಮ ಮನೆಯ ಯಜಮಾನರೆಂದರೆ ವಿಭಾಗದ ಮುಖ್ಯಸ್ಥರು. ವಿಭಾಗದಲ್ಲಿ ಇದ್ದದ್ದು ಅವರು, ನಾನು, ಎರಡು ಕುರ್ಚಿ ಮತ್ತು ಬಾಗಿಲು ಮುಚ್ಚಿಕೊಳ್ಳದ ಒಂದು ಅಲಮಾರಿ. ಅವರು ಬಾಗಲಕೋಟೆಯಿಂದ ಬರುತ್ತಿದ್ದರು. ತರ್ಕಶಾಸ್ತ್ರ, ಭಾರತೀಯ ದರ್ಶನ, ಪಾಶ್ಚಾತ್ಯ ತತ್ತ್ವ ಎಲ್ಲ ನನ್ನ ಪಾಲಿಗೆ. ನೀತಿಶಾಸ್ತ್ರವನ್ನು ಮಾತ್ರ ತಮಗಾಗಿ ಇಟ್ಟುಕೊಂಡಿದ್ದರು. ವೇಳಾಪಟ್ಟಿಯಲ್ಲಿ ಅದು ಮುಂಜಾನೆಯ ಮೊದಲ ತಾಸು. ಅವರ ಬಸ್ಸು ಬಂದು ನಿಲ್ಲುವುದು ಎರಡನೆಯ ತಾಸಿಗೆ. ಹೀಗಾಗಿ ನಮ್ಮ ಮಕ್ಕಳು ನೀತಿಯನ್ನು ತಾವೇ ಓದಿಕೊಂಡು ಪಾಸಾಗುತ್ತಿದ್ದರು.

ಅವರು ಕೆಟ್ಟ ಮನುಷ್ಯರಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಅಲ್ಲ. ಅವ್ವನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದಾಗ ಎಂಟು ದಿನ ಅವರ ಮನೆಯಿಂದಲೇ ಬುತ್ತಿ ಬಂತು. ಬುತ್ತಿ ಕಳಿಸಿದವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂದು ಉಂಡವರಿಗೇ ಗೊತ್ತು.

ಆದರೆ ಅವರು ಒಂದು ಕಾಗದವನ್ನೂ ಸ್ವತಃ ಬರೆದದ್ದನ್ನು ನಾನು ಕಂಡಿಲ್ಲ. ರಜೆಯ ಅರ್ಜಿಯಿಂದ ಹಿಡಿದು ಪ್ರಶ್ನೆಪತ್ರಿಕೆ, ವಾರ್ಷಿಕ ವರದಿ, ಬೀಳ್ಕೊಡುಗೆಯ ಭಾಷಣದವರೆಗೆ ಎಲ್ಲದಕ್ಕೂ ಒಂದೇ ಮಾತು: "ಮೇಡಂ, ನೀವ ಬರ್ಕೊಂಡ ಬರ್ರಿ, ನಾ ಸಹಿ ಮಾಡ್ತೇನಿ." ಓದಿ ನೋಡುವ ಪದ್ಧತಿಯೂ ಇರಲಿಲ್ಲ. ನಾನು ಇಡುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು. ಪಕ್ಕದ ಕೋಣೆಯ ವಿಭಾಗದಲ್ಲೂ ಇದೇ ನಡೆಯುತ್ತಿತ್ತು, ಅದರ ಪಕ್ಕದಲ್ಲೂ. ಇದನ್ನು ಅನ್ಯಾಯ ಎಂದು ಯಾರೂ ಕರೆಯುತ್ತಿರಲಿಲ್ಲ. ಹಿರಿಯರ ಕೆಲಸ ಮಾಡಿಕೊಡುವುದು ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಜಾಲತಾಣದಲ್ಲಿ ಪ್ರತಿಯೊಬ್ಬ ಅಧ್ಯಾಪಕರಿಗೂ ಒಂದು ಪುಟ ಬೇಕು, ಅದರಲ್ಲಿ 'ಬೋಧನೆ ಮತ್ತು ಸಂಶೋಧನಾ ಆಸಕ್ತಿಗಳು' ಎಂಬ ಭಾಗ ತುಂಬಿರಬೇಕು ಎಂದು ಪ್ರಾಚಾರ್ಯರು ಆಜ್ಞೆ ಹೊರಡಿಸಿದರು. ಪುಟ ಕಾಯಂ ಇದ್ದವರಿಗೆ ಮಾತ್ರ. ಅತಿಥಿಗಳಿಗೆ ಪುಟವಿಲ್ಲ.

"ನಂದೂ ನೀವ ತುಂಬ್ರಿ," ಎಂದರು ಮುಖ್ಯಸ್ಥರು.

"ಬೋಧನೆ ತುಂಬತೇನಿ ಸರ್. ಸಂಶೋಧನಿ ಏನಂತ ಬರೀಲಿ?"

ಅವರು ಸ್ವಲ್ಪ ಯೋಚಿಸಿದರು. "ನೀವು ಏನೋ ನೇಕಾರರದ್ದು ಮಾಡಾಕತ್ತೀರಲ್ಲ, ಅದನ್ನ ಹಾಕ್ರಿ. ಛಲೋ ಕಾಣಸ್ತೈತಿ."

ಏನೋ ನೇಕಾರರದ್ದು. ಆರು ವರ್ಷದ ಕೆಲಸಕ್ಕೆ ಅವರಿಟ್ಟ ಹೆಸರು ಅದು.

ಆ ಕೆಲಸ ಹುಟ್ಟಿದ್ದು ಅವ್ವನ ಬೆರಳಿನಿಂದ. ಇಳಕಲ್ಲಿನ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಉದ್ದುದ್ದ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅವ್ವ ಹುಡುಗಿಯಾಗಿದ್ದಾಗಿನಿಂದ ಅದನ್ನೇ ಮಾಡುತ್ತಾ ಬಂದವಳು. ಈಗ ಕಣ್ಣು ಮಂಜಾಗಿದೆ, ಕೈ ಮಂಜಾಗಿಲ್ಲ. ಎಳೆಯನ್ನು ಬೆರಳಲ್ಲಿ ಎಳೆದು "ಇದು ನಿಲ್ಲಂಗಿಲ್ಲ" ಎಂದು ಪಕ್ಕಕ್ಕೆ ಸರಿಸುತ್ತಾಳೆ. ಅವಳ ಮಾತು ಕೇಳದೆ ಅದನ್ನೇ ಹಾಕಿದರೆ ಮಗ್ಗಕ್ಕೆ ಏರಿದ ಎರಡು ದಿನದಲ್ಲಿ ಹರಿಯುತ್ತದೆ.

ನಾನು ಕಾಲೇಜಿನಲ್ಲಿ ಮಕ್ಕಳಿಗೆ ಕಲಿಸುವುದು ಹೀಗೆ: ಕಣ್ಣಿಗೆ, ಕೈಗೆ ನೇರ ಸಿಕ್ಕಿದ್ದು ಪ್ರತ್ಯಕ್ಷ, ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಒಂದು ದಿನ ಪಾಠ ಹೇಳುತ್ತಿದ್ದ ಹಾಗೆ ಅವ್ವನ ಬೆರಳು ನೆನಪಾಯಿತು. ಅವ್ವ ಮುಟ್ಟುವುದು ಇವತ್ತಿನ ಎಳೆ. ಹರಿಯುವುದು ನಾಡಿದ್ದು. ನಾಡಿದ್ದಿನದು ಅವಳ ಬೆರಳಿಗೆ ಇವತ್ತು ಹೇಗೆ ಸಿಕ್ಕಿತು?

"ಮನಸ್ಸಿನಾಗ ಲೆಕ್ಕಾ ಹಾಕ್ತೀ ಏನವ್ವಾ?" ಎಂದು ಕೇಳಿದ್ದೆ.

"ಲೆಕ್ಕಾ ಯಾತರದ್ದ. ಬೆರಳಿಗೆ ಗೊತ್ತಾಗ್ತೈತಿ."

"ಮುಂದ ಆಗೂದು ಬೆರಳಿಗೆ ಹೆಂಗ ಗೊತ್ತಾಗ್ತೈತಿ?"

"ನಿನಗ ಹಸಿವಿ ಆಗೂದು ಹೆಂಗ ಗೊತ್ತಾಗ್ತೈತಿ? ಹಂಗ."

ಈ ಉತ್ತರಕ್ಕೆ ಯಾವ ಗ್ರಂಥದಲ್ಲೂ ನನಗೆ ಸಮಾಧಾನ ಸಿಗಲಿಲ್ಲ. ಆರು ವರ್ಷ ಭಾನುವಾರಗಳನ್ನೆಲ್ಲ ಓಣಿಯ ಮನೆಗಳಲ್ಲಿ ಕಳೆದೆ. ಗಂಜಿ ಹಚ್ಚುವವರು, ನೂಲು ಸುತ್ತುವವರು, ಬಣ್ಣ ಹಾಕುವ ಮುಸಲ್ಮಾನರ ಮನೆಯ ಅಜ್ಜಿ, ಎಲ್ಲರ ಬಳಿ ಕೂತು ಅವರು ತಿಳಿಯುವ ಬಗೆಯನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಬದುಕಿನಲ್ಲಿ ನನ್ನದು ಎಂದು ಹೇಳಬಹುದಾದ ವಿಚಾರ ಅದೊಂದೇ ಇತ್ತು.

ಅದನ್ನು ಅವರ ಪುಟಕ್ಕೆ ಬರೆದೆ. ಯಾರೂ ಕತ್ತಿನ ಮೇಲೆ ಕತ್ತಿ ಇಟ್ಟಿರಲಿಲ್ಲ. ನೀತಿ, ಧರ್ಮ, ಸಮಾಜ ಎಂದು ಯಾರಿಗೂ ನೋವಾಗದ ನಾಲ್ಕು ಸಾಲು ಗೀಚಿ ಮುಗಿಸಬಹುದಿತ್ತು. ಆದರೆ ನನಗೆ ಪುಟವಿರಲಿಲ್ಲ. ಯಾರದಾದರೂ ಪುಟದಲ್ಲಿ ಅದು ಅಚ್ಚಾದುದನ್ನು ನೋಡುವ ಆಸೆಯಾಯಿತು. ಮನಸ್ಸಿಟ್ಟು ಬರೆದೆ, ಎರಡು ಸಲ ತಿದ್ದಿದೆ. ಈಗ ನೆನೆದರೆ ಅವರ ಮೇಲಿಗಿಂತ ನನ್ನ ಮೇಲೆಯೇ ಮೈ ಉರಿಯುತ್ತದೆ. ಮಾಡಿದ್ದುಣ್ಣೋ ಮಹರಾಯ.

ಸಮಿತಿ ಬಂತು. ಬಂದವರಿಗೆ ಕಾಣಿಕೆ ಕೊಡಲು ಸೀರೆ ತರುವ ಕೆಲಸವೂ ನನಗೇ ಬಿತ್ತು, ಇಳಕಲ್ಲಿನವಳಲ್ಲವೇ. ಮೂವರಲ್ಲಿ ಒಬ್ಬರು ಮೈಸೂರು ಕಡೆಯ ಪ್ರಾಧ್ಯಾಪಕಿ, ನಮ್ಮ ವಿಷಯದವರೇ. ನಮ್ಮ ಕೋಣೆಗೆ ಬಂದು ಕೂತವರು ಮುಖ್ಯಸ್ಥರ ಪುಟದ ಪ್ರತಿಯನ್ನು ಕೈಯಲ್ಲಿ ಹಿಡಿದಿದ್ದರು.

"ಸರ್, ನಾನು ನೋಡಿದ ಪುಟಗಳಲ್ಲೆಲ್ಲ ಹೊಸದಾಗಿ ಏನಾದರೂ ಇದ್ದದ್ದು ನಿಮ್ಮದರಲ್ಲಿ ಮಾತ್ರ. ಇದನ್ನ ಸ್ವಲ್ಪ ವಿವರಿಸ್ತೀರಾ?"

ಮುಖ್ಯಸ್ಥರು ನಕ್ಕರು. ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದರು. "ನಮ್ಮ ಮೇಡಂ ವಿವರಿಸ್ತಾರ್ರಿ."

ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿತ್ತೇ? ತಿಳಿದವರು ಕೇಳುತ್ತಿದ್ದಾರೆ, ತಿಳಿಯುವ ಮನಸ್ಸಿನಿಂದ ಕೇಳುತ್ತಿದ್ದಾರೆ. ನಾಲಿಗೆಯ ತುದಿಯಲ್ಲಿ ಎಲ್ಲ ಇದೆ. ನಾನು ಬಾಯಿ ತೆರೆದೆ. ಬಂದ ಮಾತು ಇದು: "ಸರ್ ಅವರ ವಿಚಾರ ಏನಂದ್ರ…"

ಹಿರಿಯರ ಎದುರು 'ನಾನು' ಎಂದು ಮಾತು ಶುರು ಮಾಡಬಾರದು ಎಂದು ಬೆಳೆಸಿದ ಮಕ್ಕಳು ನಾವು. ಅರ್ಧ ತಾಸು ಮಾತಾಡಿದೆ. ಸರ್ ಹೇಳೋದು, ಸರ್ ಕಂಡಿದ್ದು, ಸರ್ ಕೇಳಿದ ಪ್ರಶ್ನೆ. ಎಂದೂ ನಮ್ಮ ಹೊಸ್ತಿಲು ದಾಟದ ಮನುಷ್ಯನನ್ನು ಅವ್ವನ ಮುಂದೆ ಚಾಪೆ ಹಾಕಿ ಕೂರಿಸಿ ಆರು ವರ್ಷ ಪ್ರಶ್ನೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಪ್ರಾಧ್ಯಾಪಕಿ ಎಲ್ಲ ಬರೆದುಕೊಂಡು, ಕೊನೆಗೆ ಅವರತ್ತ ತಿರುಗಿ ಹೇಳಿದರು: "ನಿಮ್ಮ ಶಿಷ್ಯೆ ನಿಮ್ಮನ್ನ ತುಂಬಾ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದಾರೆ."

ಮರುದಿನ ಮುಖ್ಯಸ್ಥರು ಸಮಿತಿಯವರನ್ನು ಬಾದಾಮಿಯ ಗುಹೆಗಳಿಗೂ ಕೂಡಲಸಂಗಮಕ್ಕೂ ಕರೆದುಕೊಂಡು ಹೋದರು. ನಾನು ಅವರ ನೀತಿಶಾಸ್ತ್ರದ ತಾಸು ತೆಗೆದುಕೊಂಡೆ.

ಮುಂದಿನ ವರ್ಷ ಪಿಎಚ್‌ಡಿಗೆ ಅರ್ಜಿ ಹಾಕಿದೆ. ನಲವತ್ತಾರರ ವಯಸ್ಸಿಗೆ ಹಾಕುವ ಅರ್ಜಿ ಮೊದಲನೆಯದೂ ಹೌದು, ಕೊನೆಯದೂ ಹೌದು. ಆ ಪದವಿ ಇಲ್ಲದ ಅತಿಥಿಗಳನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು, ಆ ಹೆದರಿಕೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಕೆಲಸ ನನ್ನ ಹೆಸರಿನಲ್ಲಿ ಒಂದು ಪುಸ್ತಕವಾಗಿ ನಿಲ್ಲಬೇಕಿತ್ತು. ಸಂದರ್ಶನದಲ್ಲಿ ವಿಷಯ ಕೇಳಿದವರೊಬ್ಬರು ಕಂಪ್ಯೂಟರ್ ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು.

"ಇದು ನಿಮ್ಮ ವಿಭಾಗದ ಮುಖ್ಯಸ್ಥರ ಸಂಶೋಧನೆ ಅಲ್ಲೇನ್ರಿ? ವಾಕ್ಯಗಳೂ ಅವೇ ಅದಾವ."

ನನ್ನ ವಾಕ್ಯವನ್ನು ನಾನೇ ಕದ್ದೆ ಎಂಬ ಆರೋಪ. ನಾನೇ ಬರೆದದ್ದು ಎಂದೆ. ಪುಟದಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದರು. ಇಲ್ಲ. ಮುಖ್ಯಸ್ಥರಿಂದ ಒಪ್ಪಿಗೆ ಪತ್ರ ತಂದರೆ ಪರಿಶೀಲಿಸುತ್ತೇವೆ, ಇಲ್ಲದಿದ್ದರೆ ಬೇರೆ ವಿಷಯ ಆರಿಸಿಕೊಳ್ಳಿ ಎಂದು ಕಳಿಸಿದರು.

ಮುಖ್ಯಸ್ಥರಿಗೆ ವಿಷಯ ಹೇಳಿದೆ. ಅವರು ಮರುಗಿದರು, ಖರೇ ಮರುಗಿದರು. "ಅಯ್ಯ, ಅದಕ್ಕೇನ್ರಿ. ನೀವ ಬರ್ಕೊಂಡ ಬರ್ರಿ, ನಾ ಸಹಿ ಮಾಡ್ತೇನಿ."

ಮನೆಗೆ ಬಂದು ಬರೆದೆ. 'ನಾನು ಕೈಗೊಂಡಿರುವ ಈ ಸಂಶೋಧನೆಯನ್ನು ಮುಂದುವರಿಸಲು ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿಯವರಿಗೆ ಸಂತೋಷದಿಂದ ಅನುಮತಿ ನೀಡುತ್ತೇನೆ.' ಕಚೇರಿಯ ಕನ್ನಡ, ತಪ್ಪಿಲ್ಲದ್ದು. ಅವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಓದು ಬರದು.

"ಏನ ಬರದಿ, ಓದಿ ಹೇಳ," ಎಂದಳು. ಓದಿ ಹೇಳಿದೆ. ಯಾಕೆ ಬರೆಯಬೇಕಾಯಿತು ಎಂಬುದನ್ನೂ ಹೇಳಿದೆ.

ಅವಳ ಕೈ ನಿಂತಿತು. "ಆ ಮನಶ್ಯಾ ನಮ್ಮ ಮನಿಗೆ ಯಾವಾಗ ಬಂದಿದ್ದಾ?"

"ಬಂದಿಲ್ಲ."

"ನನ್ನ ಎಂದಾರ ಒಂದ ಮಾತ ಕೇಳ್ಯಾನೇನ?"

"ಇಲ್ಲ."

"ಮತ್ತ ನಾ ನಿನಗ ಹೇಳಿದ್ದನ್ನ ನೀ ಅವಂಗ ಯಾಕ ಕೊಟ್ಟಿ?"

ಬುತ್ತಿ ಕಳಿಸಿದ್ದರಲ್ಲ ಎನ್ನಲೇ? ಹಿರಿಯರು ಎನ್ನಲೇ? ಎರಡೂ ನಿಲ್ಲುವ ಮಾತಲ್ಲ ಎಂದು ತರ್ಕ ಕಲಿಸುವ ನನಗೇ ಗೊತ್ತಿತ್ತು. ಅವ್ವ ನನ್ನನ್ನು ಬೈಯಲಿಲ್ಲ. ಮತ್ತೆ ಅಕ್ಕಿ ಆರಿಸತೊಡಗಿದಳು. ಬೈದಿದ್ದರೆ ಬೇಕಿತ್ತು.

ಆ ಕಾಗದ ಹರಿದೆ. ಬೇರೆ ಬರೆದೆ: 'ಜಾಲತಾಣದಲ್ಲಿ ನನ್ನ ಹೆಸರಿನ ಕೆಳಗೆ ಇರುವ ಸಂಶೋಧನೆ ನನ್ನದಲ್ಲ. ಅದನ್ನು ಮಾಡಿದವರೂ ಆ ಪುಟವನ್ನು ಬರೆದವರೂ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. ನಾನು ಈ ವಿಷಯಕ್ಕಾಗಿ ಯಾವ ನೇಕಾರರ ಮನೆಗೂ ಹೋಗಿಲ್ಲ, ಒಂದು ಸಾಲನ್ನೂ ಬರೆದಿಲ್ಲ.' ಬರೆದು ಮಡಚಿಟ್ಟೆ. ಮುಂದಿನ ವರ್ಷ ನನ್ನನ್ನು ತೆಗೆದುಕೊಳ್ಳಿ ಎಂದು ಪ್ರಾಚಾರ್ಯರಿಗೆ ಹೇಳಬೇಕಾದವರೂ ಈ ಮುಖ್ಯಸ್ಥರೇ.

ಮರುದಿನ ಅವರು ಚುರುಮರಿ ತಿನ್ನುತ್ತಾ ಕೂತಿದ್ದರು. ಕಾಗದ ಇಟ್ಟೆ. ಕೈ ಒರೆಸಿಕೊಂಡು ಪೆನ್ನು ತೆಗೆದರು.

"ಓದಿ ಮಾಡ್ರಿ ಸರ್," ಎಂದೆ.

"ನೀವು ಬರದದ್ದ ನಾ ಏನ ಓದೂದ್ರಿ ಮೇಡಂ? ಇಷ್ಟ ವರ್ಷದಾಗ ಒಂದ ತಪ್ಪ ಬಂದಿಲ್ಲ."

ಸಹಿ ಮಾಡಿದರು. ಮುದ್ರೆಯನ್ನೂ ಒತ್ತಿದರು. ಕಾಗದ ಎತ್ತಿಕೊಂಡು ನಾನು ಹೊರಬೀಳಬಹುದಿತ್ತು, ಕೆಲಸವಾಗಿತ್ತು. ಆದರೆ ಹಾಗೆ ಹೋದರೆ ಕದ್ದುಕೊಂಡು ಹೋದಂತಾಗುತ್ತದೆ. ನನ್ನದನ್ನು ನಾನು ಕದಿಯಬೇಕೇ? ನಿಂತಲ್ಲೇ ನಿಂತು ಪತ್ರವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಪಕ್ಕದ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ.

ಸಿಟ್ಟಾಗುತ್ತಾರೆ, ಕಾಗದ ಕಸಿದುಕೊಳ್ಳುತ್ತಾರೆ, ಇಲ್ಲವೇ ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಮೂರಕ್ಕೂ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. ಅವರು ಪೂರ್ತಿ ಕೇಳಿದರು. ಚಷ್ಮಾ ತೆಗೆದು ಒರೆಸಿಕೊಂಡರು.

"ಖರೇನ ಐತಲ್ರಿ," ಎಂದರು. "ಇದರಾಗ ಸುಳ್ಳ ಏನೈತಿ?"

ಇವರು ನನ್ನದನ್ನು ಕಿತ್ತುಕೊಂಡಿದ್ದರೆ, ಅದು ಕಿತ್ತುಕೊಳ್ಳುವಂಥ ವಸ್ತು ಎಂದಾದರೂ ಅವರಿಗೆ ಗೊತ್ತಿತ್ತು ಎಂದುಕೊಳ್ಳುತ್ತಿದ್ದೆ. ಅವರಿಗೆ ಅದು ಬಂದದ್ದೂ ಗೊತ್ತಿರಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

"ಹಂಗಾದ್ರ ನನ್ನ ಪುಟದಾಗ ಈಗ ಏನ ಬರೀತೀರಿ?" ಎಂದು ಕೇಳಿದರು. "ಪ್ರಾಚಾರ್ಯರು ಮುಂದಿನ ವಾರ ನೋಡ್ತಾರಂತ."

"ನೀವ ಬರ್ಕೋರಿ ಸರ್."

"ನಾ ಏನಂತ ಬರೀಲಿ?"

ಕುಹಕವಿರಲಿಲ್ಲ. ಪಾಪ, ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಚುರುಮರಿಯ ಪೊಟ್ಟಣ ಕೈಯಲ್ಲಿ ಹಿಡಿದು ಪರೀಕ್ಷೆಗೆ ಕೂತ ಹುಡುಗನ ಹಾಗೆ ನನ್ನ ಮುಖ ನೋಡುತ್ತಿದ್ದರು. ಹತ್ತು ವರ್ಷದ ಅಭ್ಯಾಸ. ನನ್ನ ಬಾಯಿಗೆ ಅವರ ಪರವಾಗಿ ಒಂದು ಒಳ್ಳೆಯ ವಾಕ್ಯ ಬಂದೇ ಬಂದಿತ್ತು. ಹಲ್ಲು ಕಚ್ಚಿ ಅದನ್ನು ನುಂಗಿಕೊಂಡೆ, ಸಹಿಯಾದ ಪತ್ರವನ್ನೂ ಹಾಜರಿ ಪುಸ್ತಕವನ್ನೂ ತೆಗೆದುಕೊಂಡು ತರಗತಿಗೆ ಹೋದೆ.